ಕ್ಷೌರದಂಗಡಿಗೆ ಬೀಗ ಹಾಕಿಸುವವರು ಯಾರು?

ದಲಿತರಿಗೆ ಕಟಿಂಗ್ ಮಾಡಲ್ಲ ಎಂದು ಯಾವುದೋ ಊರಿನ ಕ್ಷೌರದಂಗಡಿ ಬಾಗಿಲು ಹಾಕಿತು ಅನ್ನೋ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನಾವು ಕ್ಷೌರಿಕನನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತೇವೆ. ಈ ಬೈಗುಳ ತಲುಪಬೇಕಾದವರಿಗೆ ತಲುಪುತ್ತಲೇ ಇಲ್ಲ ಅನ್ನೋದು ನನ್ನ ಸಂಕಟ.

ಇದು ಸಣ್ಣ ವಿಷಯ ಅನ್ನೋರು ಕೊಪ್ಪಳ ಜಿಲ್ಲೆಯ ಕಡೆ ನೋಡಬೇಕು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲ್‌ಗಳಿಗೆ ದಲಿತರನ್ನು ಸೇರಿಸುವುದಿಲ್ಲ ಎಂಬ ಗಲಾಟೆಯ ಹಿನ್ನೆಲೆಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬರಲು ಹತ್ತು ವರ್ಷ ಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಹೆಚ್ಚಿನವರಿಗೆ ಆಮೇಲೆ ಹೈಕೋರ್ಟ್‌ನಲ್ಲಿ ಜಾಮೀನೂ ಸಿಕ್ಕಿತು. ಆ ತೀರ್ಪಿಗೆ ಎರಡು ತಿಂಗಳ ಮುಂಚೆ ಅದೇ ಜಿಲ್ಲೆಯ ಸಂಗನಾಳದಲ್ಲಿ ಕಟಿಂಗ್ ವಿಷಯಕ್ಕೆ ಶುರುವಾದ ಜಗಳದಲ್ಲಿ ಒಬ್ಬ ದಲಿತ ಯುವಕ ಕ್ಷೌರಿಕನ ಕೈಯಲ್ಲೇ ಕೊಲೆಯಾದ.

ಆದರೆ ಬಹಳಷ್ಟು ಕಡೆ ಹೀಗೆ ರಕ್ತ ಹರಿಯುವುದಿಲ್ಲ. ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ನಮ್ಮ ಪಕ್ಕದೂರಿನ ಅಂಗಡಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಕುರ್ಚಿ ಮೇಲೆ ಒಬ್ಬ ಹುಡುಗ ಕೂತಿದ್ದ. ದಲಿತ ಕೇರಿಯ ಹಿರಿಯರೊಬ್ಬರು ಬಾಗಿಲ ಹೊರಗೆ ನಿಂತು ಕೇಳಿದರು. "ಬ್ಲೇಡ್ ಖಾಲಿ ಆಗೈತೆ, ಆಮೇಲ್ ಬಾ" ಎಂದ ಅಂಗಡಿಯವ. ಕನ್ನಡಿ ಕೆಳಗಿನ ಹಲಗೆ ಮೇಲೆ, ಪಟಿಕದ ತುಂಡಿನ ಪಕ್ಕ, ಒಡೆಯದ ಬ್ಲೇಡ್ ಪ್ಯಾಕೆಟ್ ಎಲ್ಲರಿಗೂ ಕಾಣುತ್ತಿತ್ತು. ಆ ಹಿರಿಯರು ಅಂಗಡಿಯವನಿಗಿಂತ ಹದಿನೈದು ವರ್ಷವಾದರೂ ದೊಡ್ಡವರು. "ಆಯ್ತು ಬಿಡಪ್ಪ" ಎಂದು ಬಸ್ ಸ್ಟಾಪ್ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಊರಿನ ಜಮೀನುದಾರರೊಬ್ಬರು ಬೈಕ್ ಮೇಲಿಂದಲೇ ಕೂಗಿದರು: "ಲೇ, ಸಂಜೆ ಮನೆ ಹತ್ರ ಬಾರೋ." ಅಂಗಡಿಯವ ಕತ್ತರಿ ಕೆಳಗಿಟ್ಟು, "ಬರ್ತೀನಿ ಗೌಡ್ರೇ" ಎಂದ. ಅಂಗಡಿಯವನ ವಯಸ್ಸೂ ಅರವತ್ತರ ಹತ್ತಿರ.

ಮೇಲೆ ಹೋದಷ್ಟೂ ಗೌರವ, ಕೆಳಗೆ ಇಳಿದಷ್ಟೂ ತಿರಸ್ಕಾರ. ಅಂಬೇಡ್ಕರ್ ಇದನ್ನೇ ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಕ್ಷೌರಿಕನೂ ಈ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಇರುವವನು. ಅವನ ಜಾತಿಯ ಹೆಸರು ಇವತ್ತಿಗೂ ಬೈಗುಳ. ಬೆಳಗ್ಗೆ ಎದ್ದು ಅವನ ಮುಖ ನೋಡಿದರೆ ಅಪಶಕುನ ಅನ್ನೋರು ಈಗಲೂ ಇದ್ದಾರೆ. ಮಗುವಿನ ಜಾವಳಕ್ಕೆ ಮಾತ್ರ ಅವನೇ ಬೇಕು! ಅವನ ಸಮುದಾಯದ ಶರಣ ಹಡಪದ ಅಪ್ಪಣ್ಣನ ಜಯಂತಿ ದಿನ ಸಮಾನತೆಯ ಭಾಷಣ ಮಾಡುವ ಬಾಯಿಗಳೇ ಮಾರನೇ ದಿನ ಅವನನ್ನು ಏಕವಚನದಲ್ಲಿ ಕರೆಯುತ್ತವೆ. ಹಿಂದೆ ಆಯಗಾರನಾಗಿ ಸುಗ್ಗಿಯಲ್ಲಿ ರೈತರ ಕಣದಿಂದ ಕಾಳು ಪಡೆಯುತ್ತಿದ್ದ. ಈಗ ಕೈಗೆ ದುಡ್ಡು ಬರುತ್ತದೆ, ಸರಿ. ಆದರೆ ಅಂಗಡಿ ಯಾರದೋ ಮಳಿಗೆಯಲ್ಲಿ, ಸಾಲ ಯಾರದೋ ಹತ್ತಿರ. "ಅವರ ತಲೆ ಮುಟ್ಟಿದ ಕತ್ತರಿ ನಮಗೆ ಬೇಡ" ಎಂದು ನಾಲ್ಕು ಮನೆಯವರು ಹೇಳಿದರೆ ಅವನ ಅಂಗಡಿ ಮುಗೀತು.

ಹೀಗೆಂದು ಅವನ ತಪ್ಪನ್ನು ನಾನು ಮನ್ನಾ ಮಾಡುತ್ತಿಲ್ಲ. ಬಾಗಿಲಿಂದ ವಾಪಸ್ ಹೋದವರಿಗೆ ಆದ ಅವಮಾನ ಅವಮಾನವೇ. ಅವರು ತಾಲ್ಲೂಕಿಗೆ ಹೋಗಬೇಕು. ಬಸ್ ಚಾರ್ಜ್ ಜೊತೆಗೆ ಅರ್ಧ ದಿನದ ಕೂಲಿಯೂ ಹೋಯಿತು. ಮಂಗಳವಾರವಾದರೆ ಅಲ್ಲೂ ಅಂಗಡಿ ಇರುವುದಿಲ್ಲ. ಸಾತಾರದಲ್ಲಿ ಬಾಲಕ ಅಂಬೇಡ್ಕರ್‌ಗೆ ಅಕ್ಕನೇ ಕೂದಲು ಕತ್ತರಿಸುತ್ತಿದ್ದರು. ಊರಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು. ಆದರೂ ಅಸ್ಪೃಶ್ಯರ ತಲೆ ಮುಟ್ಟುವವರು ಇರಲಿಲ್ಲ ಎಂದು ಅವರೇ ಬರೆದಿದ್ದಾರೆ. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್‌ನಲ್ಲಿ ಚರ್ಚೆ ಬಂದಾಗ, 'ಅಂಗಡಿ' ಎಂದರೆ ಒಳಗೆ ಬಿಡುವುದಷ್ಟೇ ಅಲ್ಲ, ಅಲ್ಲಿನ ಸೇವೆಯೂ ಸಿಗಬೇಕು ಎಂದು ವಿವರಿಸಿದವರೂ ಅವರೇ. ಜಾತಿಯ ಕಾರಣಕ್ಕೆ ಅಂಗಡಿಗೆ ಬರದಂತೆ ಯಾರನ್ನೂ ತಡೆಯಬಾರದು ಎನ್ನುವ ಸಂವಿಧಾನದ 15ನೇ ವಿಧಿಯಲ್ಲಿ ಆ 'ಅಂಗಡಿ' ಈಗಲೂ ಇದೆ.

ಕಾನೂನು ಇಲ್ಲ ಅಂತಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಒಂದರಿಂದ ಆರು ತಿಂಗಳು ಜೈಲು. ದಂಡ ಮಾತ್ರ ಈಗಲೂ ನೂರರಿಂದ ಐನೂರು ರೂಪಾಯಿ. ದಲಿತರಿಗೆ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಎಂದು ಬೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಅಪರಾಧ. ಆದರೆ ನಡೆಯುವುದೇನು? ದೂರು ಬರುತ್ತದೆ. ತಹಶೀಲ್ದಾರರು, ಪೊಲೀಸರು ಬಂದು ಶಾಂತಿ ಸಭೆ ಮಾಡುತ್ತಾರೆ. ಕ್ಯಾಮೆರಾ ಮುಂದೆ ಒಬ್ಬ ಹುಡುಗನಿಗೆ ಕಟಿಂಗ್ ಆಗುತ್ತದೆ. ಜೀಪು ಹೊರಟ ಮೇಲೆ ಅಂಗಡಿ ಬೀಗ. ಕ್ಷೌರಿಕ ಮನೆಮನೆಗೆ ಹೋಗಿ 'ಬೇಕಾದವರಿಗೆ' ಕೆಲಸ ಮಾಡುತ್ತಾನೆ. ಬೀಗ ಹಾಕಿಸಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಸರ್ಕಾರವೇ ಹಳ್ಳಿಗಳಲ್ಲಿ ಕ್ಷೌರದಂಗಡಿ ತೆರೆಯಬೇಕು ಎಂಬ ಪ್ರಸ್ತಾವ 2020ರಲ್ಲಿ ಬಂದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಗೆ ದಲಿತರು ಮಾತ್ರ ಹೋಗಿ, ಉಳಿದವರು ಹಳೇ ಅಂಗಡಿಯಲ್ಲೇ ಉಳಿದರೆ ನಾವೇ ಸರ್ಕಾರದ ದುಡ್ಡಲ್ಲಿ ಇನ್ನೊಂದು ಕೇರಿ ಕಟ್ಟಿಕೊಟ್ಟಂತೆ, ಅಲ್ವಾ?

ನನಗೆ ತೋಚುವುದು ಬೇರೆ. ಪಂಚಾಯಿತಿ ಮಳಿಗೆಯಲ್ಲಿ ಕ್ಷೌರಿಕನಿಗೆ ಕಡಿಮೆ ಬಾಡಿಗೆಗೆ ಜಾಗ ಕೊಡಿ, ಎಲ್ಲರಿಗೂ ಸೇವೆ ಕೊಡಬೇಕು ಎಂಬ ಷರತ್ತಿನ ಮೇಲೆ. ಆಗ ಮಳಿಗೆ ಮಾಲೀಕನ ಹೆದರಿಕೆಯಾದರೂ ತಪ್ಪುತ್ತದೆ. ಬಾಗಿಲು ಹಾಕಿದ ಅಂಗಡಿಗೆ ಪೊಲೀಸರು ಹೋದಾಗ "ಯಾಕೆ ಮಾಡಲ್ಲ?" ಅಂತ ಕೇಳಿ ವಾಪಸ್ ಬರಬಾರದು. "ಯಾರು ಬೇಡ ಅಂದ್ರು?" ಅಂತಲೂ ಕೇಳಿ, ಬೆದರಿಸಿದವರ ಹೆಸರು ಬರೆದುಕೊಳ್ಳಬೇಕು. ಊರಲ್ಲಿ ಇಂಥದ್ದು ನಡೆದರೆ 14566ಕ್ಕೆ ಫೋನ್ ಮಾಡಬಹುದು, ಅದು ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ. ಕೇರಿಯವರೇ ಮಾಡಲಿ ಅಂತ ಕಾಯಬೇಡಿ. ಊರೊಳಗಿನವರು ಮಾಡಿ.