ಪಿಕಪ್ ಹಿಂದೆ ಸದ್ದು ಬಂದರೆ ಡಿಫರೆನ್ಷಿಯಲ್ ಹೋಗಿದೆ ಅಂತಲ್ಲ

ಪಿಕಪ್‌ನ ಹಿಂಭಾಗದಲ್ಲಿ ಸದ್ದು ಬಂದರೆ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಹೋಯಿತು, ಅದಕ್ಕೆ ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಸದ್ದು ಯಾವಾಗ ಬರುತ್ತದೆ ಎಂದು ಮೊದಲು ಗಮನಿಸಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕುಂಯ್ಗುಟ್ಟಿದರೆ ಡಿಫರೆನ್ಷಿಯಲ್ ಮೇಲೆ ಅನುಮಾನ ಪಡಬಹುದು. ಆಕ್ಸಿಲರೇಟರ್ ಬಿಟ್ಟರೂ ಬದಲಾಗದೆ, ಬರೀ ವೇಗದ ಜೊತೆ ಏರಿಳಿಯುವ ಗುಂಯ್ ಸದ್ದು ಹೆಚ್ಚಾಗಿ ವೀಲ್ ಬೇರಿಂಗ್ ಅಥವಾ ಟೈರ್‌ನದು. ರಸ್ತೆಯ ಮೇಲ್ಮೈ ಬದಲಾದಂತೆ ಸದ್ದೂ ಬದಲಾದರೆ ಟೈರ್ ನೋಡಿ. ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಜಾಸ್ತಿಯಾದರೆ ಬೇರಿಂಗ್ ನೋಡಿ.

ಹೊರಡುವಾಗ, ರಿವರ್ಸ್‌ಗೆ ಹಾಕಿದಾಗ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಉದ್ದ ಶಾಫ್ಟ್) ಯು-ಜಾಯಿಂಟ್, ಅಂದರೆ ಅದರ ಮಡಚುವ ಕೀಲು, ಸವೆದಿರಬಹುದು. ಗುಂಡಿಗಳಲ್ಲಿ ಮಾತ್ರ ಕಿರುಗುಟ್ಟಿದರೆ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ತುದಿಯ ಬುಷ್ ನೋಡಿ. ಸ್ಟೆಪ್ನಿ ಸಡಿಲವಾಗಿದೆಯಾ ಎಂದೂ ನೋಡಿಬಿಡಿ, ಸುಮ್ನೆ ಗ್ಯಾರೇಜ್ ಖರ್ಚು ಯಾಕೆ?

ಇನ್ನು ದಪ್ಪ ಆಯಿಲ್. ಅದು ಸದ್ದನ್ನು ಸ್ವಲ್ಪ ದಿನ ಮುಚ್ಚಬಹುದು, ಸವೆದ ಗೇರ್ ಹಲ್ಲನ್ನು ಸರಿ ಮಾಡುವುದಿಲ್ಲ. ಮಟ್ಟ ಕಡಿಮೆಯಿದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ತುಂಬಿಸಿ, ಸೋರಿಕೆ ಹುಡುಕಿ. ಆಯಿಲ್ ಇಳಿಸುವ ಡ್ರೇನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಲೇಪ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಲೋಹದ ಚೂರುಗಳು ಸಿಕ್ಕರೆ ಡಿಫರೆನ್ಷಿಯಲ್ ಬಿಚ್ಚಿಸಲೇಬೇಕು.