ಸೇಜ್‌ಗೆ ಹೊಡೆಯೋದೇ ಹೀಲಿಂಗ್

ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್‌ನಲ್ಲಿ ಸೇಜ್ ಒಂದು ಹೀಲರ್ ಜಾಬ್, ಅಂದ್ರೆ ಜೊತೆಗಾರರನ್ನು ಗುಣಪಡಿಸುವ ಪಾತ್ರ. ಅದು “ಮೊದಲು ಹೀಲ್ ಮಾಡಲಿ, ಬಿಡುವಿದ್ದರೆ ಹೊಡೆಯಲಿ” ಅಂತ ಕೆಲವರು ಹೇಳ್ತಾರೆ. ಈ ಜಾಬ್‌ನಲ್ಲಿ ಲೆಕ್ಕ ಉಲ್ಟಾ. ಟ್ಯಾಂಕ್ (ಶತ್ರುವಿನ ಏಟು ತಡೆದುಕೊಳ್ಳುವ ಆಟಗಾರ) ಮೇಲೆ ಕಾರ್ಡಿಯಾ ಅನ್ನೋ ಸ್ಕಿಲ್ ಹಾಕಿಟ್ಟರೆ ನೀವು ಬಿಡುವ ಪ್ರತಿ ಡೋಸಿಸ್‌ಗೂ (ಸೇಜ್‌ನ ಮಾಮೂಲಿ ದಾಳಿ) ಅವರಿಗೆ 170 ಪೊಟೆನ್ಸಿ (ಸ್ಕಿಲ್‌ನ ಬಲದ ಅಳತೆ) ಹೀಲ್ ಸಿಗುತ್ತೆ. ಸುಮ್ಮನೆ ನಿಂತರೆ ಎರಡೂ ಕಡೆ ನಷ್ಟ. ನಿಧಾನಕ್ಕೆ ಡ್ಯಾಮೇಜ್ ಕೊಡ್ತಾ ಹೋಗುವ ಯೂಕ್ರೇಷಿಯನ್ ಡೋಸಿಸ್ 30 ಸೆಕೆಂಡಿಗೊಮ್ಮೆ, ಮಿಕ್ಕಂತೆ ಡೋಸಿಸ್. ಫ್ಲೆಗ್ಮಾ ಅನ್ನೋ ದಾಳಿ ಬಾಸ್‌ನ ಹತ್ತಿರ ಹೋದಾಗ ಮಾತ್ರ, ಅದು 6 ಯಾಲ್ಮ್ (ಆಟದೊಳಗಿನ ದೂರದ ಅಳತೆ) ದಾಟಲ್ಲ.

ಹೊಸಬರು ಎಡವೋದು ಆಡರ್ಸ್‌ಗಾಲ್‌ನಲ್ಲಿ, ಅಂದ್ರೆ ಕೆಲವು ಹೀಲ್ ಸ್ಕಿಲ್‌ಗಳಿಗೆ ಖರ್ಚಾಗುವ ಸ್ಟಾಕ್‌ನಲ್ಲಿ. 20 ಸೆಕೆಂಡಿಗೊಂದು ತುಂಬುತ್ತೆ, ಮೂರಾದರೆ ನಿಂತುಬಿಡುತ್ತೆ. ಕಷ್ಟಕಾಲಕ್ಕಿರಲಿ ಅಂತ ಕೂಡಿಡ್ತಾರೆ. ಆದರೆ ಒಂದು ಖರ್ಚು ಮಾಡಿದರೆ 7% ಎಂಪಿ (ಮಂತ್ರ ಹಾಕಲು ಬೇಕಾದ ಶಕ್ತಿ) ವಾಪಸ್ ಬರುತ್ತೆ. ಕೂಡಿಟ್ಟವರಿಗೇ ಎಂಪಿ ಬರಿದಾಗೋದು, ಆಮೇಲೆ ಎಂಪಿ ಬೇಗ ತುಂಬಲಿ ಅಂತ ಪಯಟಿ ಮಟೀರಿಯಾ (ಗೇರ್‌ಗೆ ಕೂರಿಸುವ ಕಲ್ಲು) ಹುಡುಕ್ತಾರೆ! ಇಡೀ ಪಾರ್ಟಿಗೆ ಏಟು ಬೀಳುವ ಮುಂಚೆಯೇ ಆಡರ್ಸ್‌ಗಾಲ್ ಖರ್ಚು ಮಾಡಿ ಕೆರಾಕೋಲ್ ಹಾಕಿ, 15 ಸೆಕೆಂಡು 10% ಏಟು ತಗ್ಗುತ್ತೆ. ಅದರ ಮೇಲೆ ಒಬ್ಬರಿಗೆ ಮಾತ್ರ ಹಾಕುವ ಟೌರೊಕೋಲ್ ಹಾಕಿದರೆ ಹೀಲ್ ಸಿಗುತ್ತೆ, ರಕ್ಷಣೆ ಮಾತ್ರ ಕೂಡಲ್ಲ.

ನ್ಯೂಮಾ ಒಂದೇ ಏಟಿಗೆ ಡ್ಯಾಮೇಜೂ ಕೊಡುತ್ತೆ, ಪಾರ್ಟಿಯನ್ನೂ ಹೀಲ್ ಮಾಡುತ್ತೆ, ಆದರೆ 2 ನಿಮಿಷಕ್ಕೊಮ್ಮೆ. ಮಟೀರಿಯಾದಲ್ಲಿ ಕ್ರಿಟಿಕಲ್ ಹಿಟ್, ಡಿಟರ್ಮಿನೇಷನ್ ಅನ್ನೋ ಗುಣಗಳು ಡ್ಯಾಮೇಜ್, ಹೀಲಿಂಗ್ ಎರಡಕ್ಕೂ ನೆರವಾಗುತ್ತವೆ. ಡೈರೆಕ್ಟ್ ಹಿಟ್ ಹೀಲಿಂಗ್‌ಗೆ ನಯಾಪೈಸೆ ಸೇರಿಸಲ್ಲ. ಟ್ಯಾಂಕ್ ಸತ್ತು ಎದ್ದರೆ ಕಾರ್ಡಿಯಾ ಮತ್ತೆ ಹಾಕೋದು ಮರೀಬೇಡಿ.