ಹೈಸ್ಕೂಲಿನಲ್ಲಿ ಚಿತ್ರ ಮತ್ತು ಅಕ್ಷರ ಬರವಣಿಗೆ ಎಲ್ಲರಿಗೂ ಕಡ್ಡಾಯವಾಗಬೇಕೇ?

ಪರ: ಕೈಗಿಂತ ಮೊದಲು ಕಣ್ಣು ಕಲಿಯುತ್ತದೆ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಕೊಪ್ಪೀಕರ್ ರಸ್ತೆಯವರೆಗೆ ಬರೀ ಅಂಗಡಿ ಬೋರ್ಡು ನೋಡುತ್ತ ಒಮ್ಮೆ ನಡೆಯಿರಿ. ಬೋರ್ಡು ತುಂಬಲಿ ಅಂತ ಅಕ್ಷರವನ್ನು ಅಡ್ಡಕ್ಕೆ ಎಳೆದಿರುತ್ತಾರೆ. ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದಿರುತ್ತದೆ. ಕೆಂಪು ಅಕ್ಷರಕ್ಕೆ ಹಳದಿ ಅಂಚು, ಅದರ ಹಿಂದೆ ಕಪ್ಪು ನೆರಳು. ಅಕ್ಷರ ದಪ್ಪ ಮಾಡುವ ಭರದಲ್ಲಿ ‘ಧ’ದ ಹೊಟ್ಟೆ ಸೀಳು ಮುಚ್ಚಿಹೋಗಿ ಧಾರವಾಡವು ‘ದಾರವಾಡ’ ಆಗಿರುತ್ತದೆ. 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಒಳ್ಳೆಯದೇ. ಆದರೆ ಆ ಕನ್ನಡ ಓದಲು ಬರುವಂತಿರಬೇಕು, ನೋಡಲು ಚಲೋ ಇರಬೇಕು ಅನ್ನುವುದನ್ನು ಯಾವ ಕಾಯ್ದೆ ಕಲಿಸುತ್ತದೆ?

ಬೋರ್ಡು ಮಾಡಿದವರನ್ನು ಬೈದು ಏನೂ ಉಪಯೋಗವಿಲ್ಲ. ಅವರಿಗೆ ಕೋರೆಲ್ ಡ್ರಾ ಕಲಿಸಿದವರಿದ್ದಾರೆ, ಫೋಟೋಶಾಪ್ ಕಲಿಸಿದವರಿದ್ದಾರೆ. ಅಕ್ಷರವನ್ನು ನೋಡುವುದು ಹೇಗೆ ಅಂತ ಯಾರೂ ಕಲಿಸಲಿಲ್ಲ. ಅಚ್ಚುಕೂಟಗಳಿಗೆ ಹೆಸರಾದ ಗದಗಿನಲ್ಲಿ ಮೊಳೆ ಜೋಡಿಸುವ ಕಾಲವಿದ್ದಾಗ ಕಂಪೋಸಿಟರು ಒತ್ತಕ್ಷರವನ್ನು ಬೆರಳಿನಿಂದ ಎತ್ತಿ ಕೂರಿಸುತ್ತಿದ್ದರು. ಎಲ್ಲಿ ಜಾಗ ಸಾಲದು ಅಂತ ಅವರಿಗೆ ಕೈಯೇ ಹೇಳುತ್ತಿತ್ತು. ಈಗ ಆ ಕೆಲಸ ಸಾಫ್ಟ್‌ವೇರಿನದು. ತಪ್ಪು ಕಂಡುಹಿಡಿಯುವ ಕಣ್ಣು ಮಾತ್ರ ನಮ್ಮದೇ ಬೇಕು.

ಇದನ್ನು ಕಲಿಸಲು ದೊಡ್ಡ ಸಾಮಾನೇನೂ ಬೇಡ. ಎಚ್‌ಬಿ ಪೆನ್ಸಿಲ್, ಚೌಕದ ಹಾಳೆ, ತುದಿ ಚಪ್ಪಟೆಯಿರುವ ಒಂದು ಮಾರ್ಕರ್. ಊರ ಹೆಸರುಗಳಿಂದಲೇ ಶುರು ಮಾಡಬಹುದು. ಮೊದಲು ‘ಗದಗ’. ಮೂರೇ ಅಕ್ಷರ, ಒತ್ತಿಲ್ಲ, ಕೊಂಬಿಲ್ಲ, ತಲೆಕಟ್ಟು ಮಾತ್ರ. ಮೂರೂ ತಲೆಕಟ್ಟು ಒಂದೇ ಎತ್ತರದಲ್ಲಿ ಕೂತರೆ ಅರ್ಧ ಗೆದ್ದಂತೆ. ಆಮೇಲೆ ‘ಹಾವೇರಿ’. ಅಲ್ಲಿ ಇಳಿ, ಏತ್ವ, ದೀರ್ಘ, ಗುಡಿಸು ಎಲ್ಲವೂ ಬಂತು. ಕೊನೆಗೆ ‘ಹುಬ್ಬಳ್ಳಿ-ಧಾರವಾಡ’. ಇಲ್ಲಿದೆ ನಿಜವಾದ ಪರೀಕ್ಷೆ. ಎಡಗಡೆಯ ಊರಿಗೆ ಎರಡು ಒತ್ತಕ್ಷರ ಕೆಳಗೆ ಜೋತಾಡುತ್ತವೆ, ಬಲಗಡೆಯ ಊರಿಗೆ ಒಂದೂ ಇಲ್ಲ. ಎಡಕ್ಕೆ ಭಾರ, ಬಲಕ್ಕೆ ಖಾಲಿ. ಇದರ ಕೆಳಗೆ ಇನ್ನೊಂದು ಸಾಲು ಎಷ್ಟು ದೂರದಲ್ಲಿ ಬರಬೇಕು? ಸ್ಕೇಲ್ ಇಟ್ಟು ಅಳೆದರೆ ಉತ್ತರ ಸಿಗುವುದಿಲ್ಲ. ಅಕ್ಷರಗಳ ನಡುವಿನ ಜಾಗದ ಕಥೆಯೂ ಅದೇ. ಎಲ್ಲ ಕಡೆ ಸಮನಾಗಿ ಅಳೆದು ಬಿಟ್ಟರೆ ‘ರ’ದ ಅಕ್ಕಪಕ್ಕ ತೂತು ಬಿದ್ದ ಹಾಗೆ ಕಾಣುತ್ತದೆ. ಕಣ್ಣಳತೆಯಲ್ಲೇ ಸರಿ ಮಾಡಬೇಕು.

ಚಿತ್ರದ ಪಾಠವೂ ಇಷ್ಟೇ ಸರಳ. ಮೇಜಿನ ಮೇಲೊಂದು ತಂಬಿಗೆ ಇಟ್ಟು ಬರೆಯಿರಿ ಅನ್ನಿ. ಹೆಚ್ಚಿನವರು ಬಾಯಿಯನ್ನು ಪೂರ್ತಿ ದುಂಡಗೆ ಬರೆಯುತ್ತಾರೆ, ಯಾಕೆಂದರೆ ಅದು ದುಂಡಗಿದೆ ಅಂತ ಅವರಿಗೆ ಗೊತ್ತು. ಕಣ್ಣಿಗೆ ಕಾಣುವುದು ಅಗಲವಾದ, ಚಪ್ಪಟೆ ಸುತ್ತು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನಲ್ಲಿ ಅಗಲ-ಎತ್ತರ ಅಳೆದು ನೋಡಿದಾಗಲೇ ಹುಡುಗರು ಹೌದಲ್ಲ ಅನ್ನುತ್ತಾರೆ. ಗೊತ್ತಿರುವುದನ್ನು ಪಕ್ಕಕ್ಕಿಟ್ಟು ಎದುರಿಗಿರುವುದನ್ನು ನೋಡುವ ಈ ಅಭ್ಯಾಸ ವಿಜ್ಞಾನದ ಲ್ಯಾಬಿನಲ್ಲೂ ಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆಯಲ್ಲಿ ಚಿತ್ರಕ್ಕೆ ಅಂಕ ಇದ್ದೇ ಇದೆ, ಬರೆಯಲು ಕಲಿಸುವವರು ಮಾತ್ರ ಇಲ್ಲ.

ನಮ್ಮ ಕಡೆ ಉದಾಹರಣೆಗೆ ಬರವೇ? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಉದ್ದ-ಅಗಲ 3:2, ಚಕ್ರಕ್ಕೆ 24 ಕಡ್ಡಿ, ಅಂದರೆ ಕಡ್ಡಿಯಿಂದ ಕಡ್ಡಿಗೆ 15 ಡಿಗ್ರಿ. ಕೈವಾರದಿಂದ 60 ಡಿಗ್ರಿ ಹಾಕಿ, ಅರ್ಧ ಮಾಡಿ, ಮತ್ತೆ ಅರ್ಧ ಮಾಡಿದರೆ ಕೋನಮಾಪಕವಿಲ್ಲದೆ 15 ಬರುತ್ತದೆ. ಧಾರವಾಡದ ಕಸೂತಿಯಂತೂ ಇನ್ನೂ ಹತ್ತಿರದ್ದು. ಗವಂತಿ, ಮುರ್ಗಿ ಹೊಲಿಗೆಗೆ ಬಟ್ಟೆ ಮೇಲೆ ಮೊದಲೇ ಗೀಟು ಹಾಕುವುದಿಲ್ಲ, ಎಳೆ ಎಣಿಸಿಯೇ ತೇರು, ಗೋಪುರ ಏಳುತ್ತವೆ. ಚೌಕದ ಹಾಳೆ ಮೇಲೆ ಅದನ್ನು ಬರೆಸಿದರೆ ವಿನ್ಯಾಸದ ಪಾಠ ಆಯಿತು. ಮನೆಯಲ್ಲಿ ಅಜ್ಜಿ ಇದ್ದರೆ ತಪ್ಪು ತೋರಿಸಿಯೂ ಕೊಡುತ್ತಾರೆ.

‘ಎಲ್ಲರೂ ಕಲಾವಿದರಾಗಬೇಕಾ?’ ಅಂತ ಕೇಳುತ್ತಾರೆ. ಬೇಡ. ಆದರೆ ಒಂಬತ್ತನೇ ತರಗತಿಯ ಹುಡುಗಿ ಈಗ ಮೊಬೈಲಿನಲ್ಲಿ ಕ್ಯಾನ್ವಾ ತೆರೆದು ಅಕ್ಕನ ಕುಬಸದ ಆಮಂತ್ರಣ ತಾನೇ ಮಾಡುತ್ತಾಳೆ. ಗಣೇಶೋತ್ಸವದ ಬ್ಯಾನರನ್ನು ಓಣಿಯ ಹುಡುಗರೇ ಕೂಡಿಸುತ್ತಾರೆ. ಮೊದಲು ಪೇಂಟರ್ ಒಬ್ಬ ಮಾಡುತ್ತಿದ್ದ ಕೆಲಸ ಈಗ ಎಲ್ಲರ ಕೈಗೆ ಬಂದಿದೆ. ಹಾಗಾಗಿ ಪಾಠವೂ ಎಲ್ಲರಿಗೂ ಇರಲಿ.

ವಿರೋಧ: ಕಡ್ಡಾಯ ಮಾಡಿದ ದಿನವೇ ಗೈಡು ಬರುತ್ತದೆ

ತಂಬಿಗೆ, ಕಸೂತಿ, 24 ಕಡ್ಡಿಯ ಚಕ್ರ: ಕೇಳಲು ಬಹಳ ಚಂದ. ಅದನ್ನು ಕಲಿಸುವವರು ಯಾರು ಅನ್ನುವ ಪ್ರಶ್ನೆಯನ್ನು ಮಾತ್ರ ಮೇಲಿನ ವಾದ ಜಾಣತನದಿಂದ ದಾಟಿಬಿಟ್ಟಿದೆ.

ಡ್ರಾಯಿಂಗ್ ಮಾಸ್ತರು ಇಲ್ಲದ ಹೈಸ್ಕೂಲು ಎಷ್ಟೋ ಇವೆ. ಅಲ್ಲಿ ಕಡ್ಡಾಯ ಅಂದರೆ ಆ ಪಿರಿಯಡ್ಡು ಖಾಲಿಯಿರುವ ಯಾರದೋ ತಲೆಗೆ ಬೀಳುತ್ತದೆ. ಅವರು ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಪಕ್ಕಕ್ಕೆ ತೆಂಗಿನ ಮರ ಬರೆಯುತ್ತಾರೆ. ನಲವತ್ತು ಮಕ್ಕಳೂ ಅದನ್ನೇ ಬರೆಯುತ್ತಾರೆ. ಅಣ್ಣಿಗೇರಿಯ ಎರೆಹೊಲದ ಹುಡುಗ ಕಣ್ಣೆತ್ತಿ ನೋಡಿದರೆ ಕಡಲೆ, ಜೋಳ, ಹತ್ತಿ. ಅವನ ಹಾಳೆಯಲ್ಲಿ ಮಾತ್ರ ತೆಂಗಿನ ಮರ! ಇದನ್ನು ಕಡ್ಡಾಯ ಮಾಡಿ ಯಾರ ಕಣ್ಣು ತೆರೆಸುತ್ತೀರಿ?

ಅಂಕದ ವಿಷಯಕ್ಕೆ ಬರೋಣ. ಎಸ್ಸೆಸ್ಸೆಲ್ಸಿ 625 ಅಂಕದ ಪರೀಕ್ಷೆ. ಮೊದಲ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಚಿತ್ರಕಲೆ ಈ ಲೆಕ್ಕದಲ್ಲಿಲ್ಲ. ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗ ಆ ಪಿರಿಯಡ್ಡನ್ನು ಗಣಿತದವರು ತಗೊಳ್ಳುವುದು ಎಲ್ಲರಿಗೂ ಗೊತ್ತಿರುವ ಮಾತು. ‘ಸರ್, ಇದು ಪರೀಕ್ಷೆಗೆ ಬರ್ತದೇನ್ರಿ?’ ಅನ್ನುವುದು ನಮ್ಮ ಹುಡುಗರ ಮೊದಲ ಪ್ರಶ್ನೆ. ಇಲ್ಲ ಅಂದರೆ ಯಾರೂ ಬರೆಯುವುದಿಲ್ಲ. ಹೌದು ಅಂದರೆ ಮರುವರ್ಷವೇ ಗೈಡು ಬರುತ್ತದೆ. ತಂಬಿಗೆಗೆ ಒಂದು ರೆಡಿ ಚಿತ್ರ, ಬಾಳೆಎಲೆಗೆ ಇನ್ನೊಂದು, ಬಾಯಿಪಾಠ ಮಾಡಿ ಬರೆಯುವುದು. ನೋಡುವ ಅಭ್ಯಾಸ ಬೆಳೆಸಲು ತಂದ ವಿಷಯ ನೋಡದೆಯೇ ಬರೆಯುವ ವಿಷಯವಾಗುತ್ತದೆ.

ಈಗಿನ ಸ್ಥಿತಿಯಲ್ಲಿ ಒಂದು ಚಲೋ ಸಂಗತಿ ಇದೆ. ಬೇಕಾದವರು ಬರುತ್ತಾರೆ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳನ್ನು ನೋಡಿ, ಯಾರೂ ಕತ್ತು ಹಿಡಿದು ಕೂರಿಸಿದವರಲ್ಲ. ಈ ಭಾಗದಲ್ಲಿ ಕಲೆ ಬೆಳೆದದ್ದೂ ಹೀಗೆಯೇ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಚಿತ್ರಕಲಾ ಶಾಲೆ ಕಟ್ಟಿದರು. ಹಸಿವಿದ್ದ ಹುಡುಗರು ಹುಡುಕಿಕೊಂಡು ಬಂದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದಿಡೀ ದಿನ ಬಿಡಿ. ಉತ್ತರ ಕರ್ನಾಟಕದ ಹಳ್ಳಿ ಬದುಕು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ವಾರಕ್ಕೊಂದು ಸತ್ತ ಪಿರಿಯಡ್ಡಿಗಿಂತ ಅಂಥ ಒಂದು ದಿನದ ಕೆಲಸ ಜಾಸ್ತಿ.

ಬೋರ್ಡಿನ ದೂರಿಗೂ ಉತ್ತರ ಇದೆ. ಕೆಟ್ಟ ಬೋರ್ಡಿಗೆ ಹದಿನಾಲ್ಕು ವರ್ಷದ ಮಕ್ಕಳು ಕಾರಣರಲ್ಲ. ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತಿದ್ದರೆ ಸಾಲುಗಳ ನಡುವಿನ ಅಂತರ ಹೆಚ್ಚಿಸಬೇಕು, ಅದು ಕಂಪ್ಯೂಟರಿನಲ್ಲಿ ಒಂದು ನಿಮಿಷದ ಕೆಲಸ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಥರದ ಒಳ್ಳೆಯ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಡಿಟಿಪಿ ಮಾಡುವವರಿಗೆ, ಫ್ಲೆಕ್ಸ್ ಅಂಗಡಿಯವರಿಗೆ ಎರಡು ದಿನದ ತರಬೇತಿ ಇಡಿ. ಬೋರ್ಡು ಮಾಡಿಸುವ ಅಂಗಡಿಯವರು ಅಕ್ಷರ ಎಳೆಯಬೇಡ್ರಿ ಅಂತ ಒಂದು ಮಾತು ಹೇಳಿದರೂ ಅರ್ಧ ಸರಿಹೋಗುತ್ತದೆ. ಅಲ್ಲಿ ಆಗಬೇಕಾದ ಕೆಲಸಕ್ಕೆ ಶಾಲೆಯ ವೇಳಾಪಟ್ಟಿ ಯಾಕೆ?

ಕೈ ನಡುಗುವ, ಬರವಣಿಗೆ ಸೊಟ್ಟಗಿರುವ ಮಕ್ಕಳ ಪಾಡನ್ನೂ ನೆನೆಯಬೇಕು. ದುಂಡಗಿನ ಅಕ್ಷರ ಬರದಿದ್ದಕ್ಕೆ ಈಗಾಗಲೇ ಸಾಕಷ್ಟು ಬೈಸಿಕೊಂಡಿರುತ್ತಾರೆ. ಅಕ್ಷರದ ಚಂದಕ್ಕೆ ಅಂತಲೇ ಒಂದು ಗ್ರೇಡು ಬಂದರೆ ಅವರ ಗತಿ? ಮತ್ತೆ ಖರ್ಚು. ಪೆನ್ಸಿಲ್, ಚೌಕದ ಹಾಳೆ ಅಂತ ಹೇಳಿ ಶುರುವಾಗುತ್ತದೆ. ವರ್ಷದ ನಡುವೆ ಪೋಸ್ಟರ್ ಕಲರ್, ಡ್ರಾಯಿಂಗ್ ಶೀಟು, ಬ್ರಷ್ಷು ಅಂತ ಪಟ್ಟಿ ಮನೆಗೆ ಬರುತ್ತದೆ. ಕೂಲಿಗೆ ಹೋಗುವ ತಾಯಿಗೆ ಅದು ಸಣ್ಣ ಮಾತಲ್ಲ.

ಚಿತ್ರಕಲೆ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಶಿಕ್ಷಕರ ನೇಮಕ ಆಗಲಿ. ಶನಿವಾರ ಒಂದು ತಾಸು ಕೋಣೆ ತೆರೆದಿರಲಿ, ಹಾಳೆ-ಬಣ್ಣ ಶಾಲೆಯೇ ಕೊಡಲಿ, ಹಾಜರಿ ತೆಗೆಯುವುದು ಬೇಡ. ಎಷ್ಟು ಮಕ್ಕಳು ಬರುತ್ತಾರೆ ಅಂತ ಎರಡು ವರ್ಷ ನೋಡಿ, ಕಡ್ಡಾಯದ ಮಾತು ಆಮೇಲೆ ಎತ್ತೋಣ.